ಡಿಸ್‌ಲೊಕೇಶನ್‌ಗಳ ಮೂರನೇ ಆಯಾಮ: ಎಲೆಕ್ಟ್ರಾನ್ ಟೊಮೊಗ್ರಫಿಯ ಒಂದು ಷರತ್ತಿನ ಬಗ್ಗೆ ಟಿಪ್ಪಣಿ

ಸ್ಫಟಿಕದೊಳಗಿನ ದೋಷಗಳ ಮೂರು ಆಯಾಮದ ಚಿತ್ರಗಳು ಲೋಹವಿಜ್ಞಾನದ ಪತ್ರಿಕೆಗಳಲ್ಲಿ ಈಗ ಹೊಸತಲ್ಲ. ಬಣ್ಣ ತುಂಬಿದ ರೇಖೆಗಳು, ಪರದೆಯ ಮೇಲೆ ಬೇಕಾದ ಕಡೆಗೆ ತಿರುಗಿಸಿ ನೋಡಬಹುದಾದ ಜಾಲಗಳು. ಅವುಗಳ ಬುಡದಲ್ಲಿರುವ ಒಂದು ಷರತ್ತನ್ನು ಈ ಟಿಪ್ಪಣಿಗೆ ಎತ್ತಿಕೊಂಡಿದ್ದೇನೆ. ಹಲವು ಕೋನಗಳಿಂದ ತೆಗೆದ ಚಪ್ಪಟೆ ಚಿತ್ರಗಳಿಂದ ಒಂದು ವಸ್ತುವಿನ ಒಳಗನ್ನು ಲೆಕ್ಕ ಹಾಕಿ ತೆಗೆಯಬೇಕಾದರೆ ಆ ಚಿತ್ರಗಳು ಒಂದು ನಿಯಮಕ್ಕೆ ಒಳಪಟ್ಟಿರಬೇಕು. ಸ್ಫಟಿಕದ ದೋಷಗಳು ತಾವಾಗಿ ಆ ನಿಯಮವನ್ನು ಪಾಲಿಸುವುದಿಲ್ಲ. ಪ್ರಯೋಗ ಮಾಡುವವರು ಶ್ರಮಪಟ್ಟು ಪಾಲಿಸುವಂತೆ ಮಾಡಬೇಕಾಗುತ್ತದೆ. ಆ ಶ್ರಮ ಎಲ್ಲಿ ಫಲಿಸಿದೆ, ಎಲ್ಲಿ ಅರ್ಧಕ್ಕೆ ನಿಂತಿದೆ ಎಂಬುದನ್ನು ತಿಳಿಯದೆ ಚಿತ್ರದ ತೂಕ ತಿಳಿಯದು ಎಂಬುದು ನನ್ನ ವಾದ.

ಮೊದಲಿಗೆ ಆಳದ ಮಾಹಿತಿ ಯಾಕೆ ಬೇಕು ಎಂಬ ಪ್ರಶ್ನೆ. ಯಾಕೊಫ್ ಫ್ರೆಂಕೆಲ್ 1926ರಲ್ಲಿ ಮಾಡಿದ ಲೆಕ್ಕದಂತೆ, ದೋಷವೇ ಇಲ್ಲದ ಸ್ಫಟಿಕದಲ್ಲಿ ಪರಮಾಣುಗಳ ಒಂದು ತಲ ಇನ್ನೊಂದರ ಮೇಲೆ ಇಡಿಯಾಗಿ ಜಾರಬೇಕಾದರೆ ಆ ಲೋಹದ ಶಿಯರ್ ಗುಣಾಂಕದ ಸುಮಾರು ಆರನೇ ಒಂದು ಪಾಲಿನಷ್ಟು ಒತ್ತಡ ಬೇಕು. ಮೆತ್ತಗಿನ ಲೋಹದ ನಿಜವಾದ ಹರಳು ಇದರ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಒತ್ತಡಕ್ಕೆ ಬಾಗಿಬಿಡುತ್ತದೆ. ಈ ಅಂತರಕ್ಕೆ 1934ರಲ್ಲಿ ಜಿ. ಐ. ಟೇಲರ್, ಎಗೋನ್ ಒರೊವಾನ್, ಮೈಕಲ್ ಪೊಲಾನ್ಯಿ ಮೂವರೂ ಬೇರೆಬೇರೆಯಾಗಿ ಒಂದೇ ಉತ್ತರ ಕೊಟ್ಟರು. ತಲ ಒಟ್ಟಿಗೇ ಜಾರುವುದಿಲ್ಲ. ಜಾರಿದ ಭಾಗಕ್ಕೂ ಇನ್ನೂ ಜಾರದ ಭಾಗಕ್ಕೂ ನಡುವೆ ಇರುವ ಗಡಿರೇಖೆ ಸ್ಫಟಿಕದೊಳಗೆ ಸ್ವಲ್ಪಸ್ವಲ್ಪವೇ ಸರಿಯುತ್ತದೆ. ಆ ಗಡಿರೇಖೆಯೇ ಡಿಸ್‌ಲೊಕೇಶನ್. ಅದು ಹಾದುಹೋದ ಕಡೆ ಸ್ಫಟಿಕ ಎಷ್ಟು ದೂರ, ಯಾವ ದಿಕ್ಕಿಗೆ ಜಾರಿದೆ ಎಂಬುದನ್ನು ಹೇಳುವ ಸದಿಶಕ್ಕೆ ಬರ್ಗರ್ಸ್ ಸದಿಶ ಎಂದು ಹೆಸರು. ತಾಮ್ರದಲ್ಲಿ ಅದರ ಉದ್ದ 0.256 ನ್ಯಾನೋಮೀಟರ್.

ಬಡಿದು ಗಟ್ಟಿ ಮಾಡಿದ ಲೋಹದಲ್ಲಿ ಈ ರೇಖೆಗಳ ಸಾಂದ್ರತೆ ಪ್ರತಿ ಚದರ ಮೀಟರಿಗೆ 10ರ 15ನೇ ಘಾತವನ್ನು ಮುಟ್ಟುತ್ತದೆ. ಅಂದರೆ ಒಂದು ಘನ ಸೆಂಟಿಮೀಟರ್ ಲೋಹದೊಳಗೆ 10 ಲಕ್ಷ ಕಿಲೋಮೀಟರ್ ಉದ್ದದ ರೇಖೆ. ಭೂಮಿಯಿಂದ ಚಂದ್ರನಿಗೆ ಹೋಗಿ ಬಂದ ಮೇಲೂ ಎರಡು ಲಕ್ಷ ಕಿಲೋಮೀಟರಿಗೂ ಹೆಚ್ಚು ಮಿಗುತ್ತದೆ. ಸೂಕ್ಷ್ಮದರ್ಶಕದ ಕೆಳಗಿಡುವ ತುಣುಕಿಗೆ ಇದೇ ಲೆಕ್ಕವನ್ನು ಇಳಿಸಿದರೆ, ಒಂದು ಮೈಕ್ರಾನ್ ಚೌಕ ಮತ್ತು 200 ನ್ಯಾನೋಮೀಟರ್ ದಪ್ಪದ ಜಾಗದಲ್ಲಿ 200 ಮೈಕ್ರಾನ್ ಉದ್ದದ ರೇಖೆಗಳಿರುತ್ತವೆ. ಚಪ್ಪಟೆ ಚಿತ್ರದಲ್ಲಿ ಅವೆಲ್ಲ ಮೀನಿನ ಬಲೆಯನ್ನು ಮುದ್ದೆ ಮಾಡಿ ಕಾಗದಕ್ಕೆ ಒತ್ತಿದಂತೆ ಒಂದರ ಮೇಲೊಂದು ಬಿದ್ದಿರುತ್ತವೆ. ಎರಡು ರೇಖೆಗಳು ಅಡ್ಡ ಹಾದ ಕಡೆ ಅವು ನಿಜಕ್ಕೂ ಕೂಡಿ ಗಂಟಾಗಿವೆಯೋ, ಒಂದರ ಮೇಲೆ ಇನ್ನೊಂದು 100 ನ್ಯಾನೋಮೀಟರ್ ಎತ್ತರದಲ್ಲಿ ಸುಮ್ಮನೆ ಹಾದುಹೋಗಿದೆಯೋ ಹೇಳಲಾಗದು. ಲೋಹ ಯಾಕೆ ಗಟ್ಟಿಯಾಯಿತು ಎಂಬ ಪ್ರಶ್ನೆಗೆ ಉತ್ತರ ಆ ಗಂಟುಗಳಲ್ಲಿದೆ. ಆದ್ದರಿಂದ ಆಳದ ಮಾಹಿತಿ ಅಲಂಕಾರಕ್ಕೆ ಸೇರಿದ್ದಲ್ಲ.

ಕಾಗದದ ಮೇಲಿನ ಊಹೆಯಾಗಿದ್ದ ರೇಖೆ ಕಣ್ಣಿಗೆ ಬಿದ್ದದ್ದು 1956ರಲ್ಲಿ. ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಪೀಟರ್ ಹಿರ್ಷ್, ರಾಬರ್ಟ್ ಹಾರ್ನ್, ಮೈಕಲ್ ವೀಲನ್ ಅಲ್ಯೂಮಿನಿಯಂನ ತೆಳು ಹಾಳೆಯಲ್ಲಿ ಡಿಸ್‌ಲೊಕೇಶನ್‌ಗಳು ಸರಿದಾಡುವುದನ್ನು ಕಂಡರು. ಅದೇ ವರ್ಷ ಜಿನೀವಾದಲ್ಲಿ ವಾಲ್ಟರ್ ಬೋಲ್ಮನ್ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಕಂಡರು. ಅವರಿಗೆ ಕಂಡದ್ದು ಪರಮಾಣುಗಳಲ್ಲ. ರೇಖೆಯ ಸುತ್ತ ಬಾಗಿದ ಪರಮಾಣು ತಲಗಳು ಎಲೆಕ್ಟ್ರಾನ್‌ಗಳನ್ನು ಬೇರೆ ದಿಕ್ಕಿಗೆ ವಿವರ್ತಿಸಿದ್ದರಿಂದ ಮೂಡಿದ ಕಪ್ಪು ಗೆರೆ ಅದು. ಈ ಸಂಗತಿ ಮುಂದಿನ ಇಡೀ ಚರ್ಚೆಗೆ ಬುನಾದಿ.

ಆಳವನ್ನು ಅಳೆಯುವ ಮೊದಲ ದಾರಿ ಎರಡು ಕಣ್ಣುಗಳ ದಾರಿ. ಮಾದರಿಯನ್ನು ಕೆಲವು ಡಿಗ್ರಿ ವಾಲಿಸಿ ಎರಡು ಚಿತ್ರ ತೆಗೆಯುವುದು, ಬಿಂದುಗಳು ಎಷ್ಟು ಸರಿದಿವೆ ಎಂದು ಅಳೆಯುವುದು. ಒಟ್ಟು 10 ಡಿಗ್ರಿ ವಾಲಿಸಿದರೆ, ಆಳದಲ್ಲಿ 100 ನ್ಯಾನೋಮೀಟರ್ ಅಂತರವಿರುವ ಎರಡು ಬಿಂದುಗಳು ಚಿತ್ರದಲ್ಲಿ ಸುಮಾರು 17 ನ್ಯಾನೋಮೀಟರ್ ಸರಿಯುತ್ತವೆ. ಹತ್ತಾರು ರೇಖೆಗಳಿದ್ದಾಗ ಇದು ಸಾಕು. ದಟ್ಟವಾದ ಜಾಲದಲ್ಲಿ ಈ ಚಿತ್ರದ ಯಾವ ಬಿಂದು ಆ ಚಿತ್ರದ ಯಾವ ಬಿಂದು ಎಂದು ಜೋಡಿಸುವುದೇ ಕಷ್ಟವಾಗುತ್ತದೆ.

ಎರಡನೇ ದಾರಿ ಟೊಮೊಗ್ರಫಿ. ಅದರ ಗಣಿತವನ್ನು ಯೊಹಾನ್ ರೇಡಾನ್ 1917ರಲ್ಲೇ ಬರೆದಿಟ್ಟಿದ್ದರು. 1968ರಲ್ಲಿ ಕೇಂಬ್ರಿಜ್‌ನಲ್ಲಿ ಡೇವಿಡ್ ಡಿರೋಸಿಯರ್ ಮತ್ತು ಆರನ್ ಕ್ಲುಗ್ ಟಿ4 ಬ್ಯಾಕ್ಟೀರಿಯೊಫೇಜ್‌ನ ಬಾಲವನ್ನು ಎಲೆಕ್ಟ್ರಾನ್ ಚಿತ್ರಗಳಿಂದ ಮೂರು ಆಯಾಮದಲ್ಲಿ ಕಟ್ಟಿದರು. ಅವರ ವಿಧಾನ ಫೂರಿಯೇ ರೂಪಾಂತರವನ್ನು ಅವಲಂಬಿಸಿತ್ತು. ಅಂದಿನ ಗಣಕಯಂತ್ರಗಳಿಗೆ ಅದು ದೊಡ್ಡ ಹೊರೆ. ಈ ಹೊರೆಯನ್ನು ಇಳಿಸಿದ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು, ಕನ್ನಡ ಓದುಗರು ಅದನ್ನು ವಿವರವಾಗಿ ತಿಳಿಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ 1971ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಎಕ್ಸ್-ರೇ ಚಿತ್ರಗಳು ಮತ್ತು ಎಲೆಕ್ಟ್ರಾನ್ ಚಿತ್ರಗಳು ಎರಡರ ಹೆಸರೂ ಆ ಲೇಖನದ ಶೀರ್ಷಿಕೆಯಲ್ಲೇ ಇದೆ. ಕಾಲಜೆನ್‌ನ ತ್ರಿಸುರುಳಿ ರಚನೆಯಿಂದ ಆ ಹೊತ್ತಿಗಾಗಲೇ ಹೆಸರಾಗಿದ್ದ ರಾಮಚಂದ್ರನ್ ಅವರ ಕೆಲಸಗಳಲ್ಲಿ ಇದರ ಮಾತು ನಮ್ಮಲ್ಲಿ ಕಡಿಮೆ ಕೇಳಿಬರುತ್ತದೆ.

ಅವರು ಮಾಡಿದ್ದು ಇಷ್ಟು. ಪ್ರತಿ ಚಿತ್ರವನ್ನೂ ಅದು ಬಂದ ದಿಕ್ಕಿನಲ್ಲೇ ಹಿಂದಕ್ಕೆ ಹರಡಿ, ಎಲ್ಲವನ್ನೂ ಕೂಡಿಸಿದರೆ ವಸ್ತುವಿನ ಆಕಾರ ಮೂಡುತ್ತದೆ, ಆದರೆ ಮಸುಕಾಗಿ: ಪ್ರತಿ ಬಿಂದುವಿನ ಸುತ್ತಲೂ ದೂರಕ್ಕೆ ವಿಲೋಮವಾಗಿ ಇಳಿಯುವ ಒಂದು ಮಬ್ಬು ಉಳಿಯುತ್ತದೆ. ಹರಡುವ ಮುನ್ನ ಚಿತ್ರದ ಪ್ರತಿ ಸಾಲನ್ನೂ ಒಂದು ಅಂಕಿಮಾಲೆಯ ಜೊತೆ ಬೆರೆಸಿದರೆ ಆ ಮಬ್ಬು ರದ್ದಾಗುತ್ತದೆ. ಆ ಮಾಲೆಯ ನಡುವಿನ ಅಂಕಿ ಧನ. ಒಂದು, ಮೂರು, ಐದನೇ ನೆರೆಯ ಬಿಂದುಗಳಿಗೆ ದೂರದ ವರ್ಗಕ್ಕೆ ತಕ್ಕಂತೆ ಕಿರಿದಾಗುವ ಋಣ ಅಂಕಿಗಳು. ಎರಡು, ನಾಲ್ಕು, ಆರನೆಯವಕ್ಕೆ ಸೊನ್ನೆ. ಫೂರಿಯೇ ರೂಪಾಂತರದ ಗೊಡವೆಯಿಲ್ಲದೆ, ಗುಣಾಕಾರ ಮತ್ತು ಸಂಕಲನದಿಂದಲೇ ಕೆಲಸ ಮುಗಿಯುತ್ತದೆ. ರೇಡಿಯೋ ಖಗೋಳಶಾಸ್ತ್ರದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲಿ ಇದೇ ಬಗೆಯ ತಂತ್ರವನ್ನು ಕಂಡುಕೊಂಡಿದ್ದರು ಎಂಬುದನ್ನೂ ಹೇಳಬೇಕು. ಆದರೂ ಆಸ್ಪತ್ರೆಯ ಸಿಟಿ ಸ್ಕ್ಯಾನ್‌ನಿಂದ ಹಿಡಿದು ಎಲೆಕ್ಟ್ರಾನ್ ಟೊಮೊಗ್ರಫಿಯವರೆಗೆ ಈ ಅಂಕಿಮಾಲೆ ಇಂದಿಗೂ ‘ರಾಮ್-ಲಾಕ್ ಫಿಲ್ಟರ್’ ಎಂಬ ಹೆಸರಿನಲ್ಲೇ ಬಳಕೆಯಲ್ಲಿದೆ.

ಈ ಎಲ್ಲ ಗಣಿತಕ್ಕೂ ಒಂದು ಷರತ್ತಿದೆ. ಚಿತ್ರದ ಪ್ರತಿ ಬಿಂದುವಿನ ಹೊಳಪು, ಎಲೆಕ್ಟ್ರಾನ್ ಹಾದುಬಂದ ದಾರಿಯುದ್ದಕ್ಕೂ ವಸ್ತುವಿನ ಯಾವುದಾದರೊಂದು ಗುಣವನ್ನು ಕೂಡಿಸಿದ ಮೊತ್ತವನ್ನು ಹೇಳಬೇಕು. ಮೊತ್ತ ಹೆಚ್ಚಿದಂತೆ ಹೊಳಪು ಒಂದೇ ದಿಕ್ಕಿನಲ್ಲಿ ಏರಬೇಕು, ಇಲ್ಲವೇ ಇಳಿಯಬೇಕು. ಎಕ್ಸ್-ರೇಗೆ ಅಡ್ಡವಾಗಿರುವ ಮೂಳೆ ಈ ಷರತ್ತನ್ನು ಪಾಲಿಸುತ್ತದೆ. ಪ್ರೋಟೀನೂ ಬಹುಮಟ್ಟಿಗೆ ಪಾಲಿಸುತ್ತದೆ. ಡಿಸ್‌ಲೊಕೇಶನ್ ಪಾಲಿಸುವುದಿಲ್ಲ.

ಯಾಕೆ ಎಂಬುದನ್ನು ಅಂಕಿಗಳಲ್ಲೇ ನೋಡುವುದು ಒಳ್ಳೆಯದು. ಸ್ಫಟಿಕ ಬ್ರ್ಯಾಗ್ ಸ್ಥಿತಿಯಲ್ಲಿದ್ದಾಗ, ಅಂದರೆ ಅದರ ತಲಗಳು ಕಿರಣವನ್ನು ಬಲವಾಗಿ ವಿವರ್ತಿಸುವ ಕೋನದಲ್ಲಿದ್ದಾಗ, ನೇರ ಕಿರಣ ಮತ್ತು ವಿವರ್ತಿತ ಕಿರಣಗಳ ನಡುವೆ ಎಲೆಕ್ಟ್ರಾನ್‌ಗಳು ಆಚೀಚೆ ಹರಿದಾಡುತ್ತವೆ. 100 ಕಿಲೋವೋಲ್ಟ್‌ನಲ್ಲಿ ಅಲ್ಯೂಮಿನಿಯಂನ 111 ತಲಗಳಿಗೆ ಈ ಆವರ್ತ 56 ನ್ಯಾನೋಮೀಟರ್, ಚಿನ್ನಕ್ಕೆ ಸುಮಾರು 16. ಹೀಗಾಗಿ ದಪ್ಪ ಎರಡು ಪಟ್ಟಾದರೆ ಹೊಳಪು ಎರಡು ಪಟ್ಟಾಗುವುದಿಲ್ಲ. ಏರಿ ಇಳಿದು ಮತ್ತೆ ಏರುತ್ತದೆ. ಓರೆಯಾಗಿ ಇಳಿದ ರೇಖೆ ಇದರಿಂದಾಗಿ ಚುಕ್ಕಿಚುಕ್ಕಿಯಾಗಿ, ಕೆಲವೊಮ್ಮೆ ಅಂಕುಡೊಂಕಾಗಿ ಕಾಣುತ್ತದೆ, ರೇಖೆ ನಿಜಕ್ಕೂ ನೇರವಾಗಿದ್ದರೂ.

ಕೋನದ ವಿಷಯ ಇನ್ನೂ ಸೂಕ್ಷ್ಮ. 200 ಕಿಲೋವೋಲ್ಟ್‌ನಲ್ಲಿ ಎಲೆಕ್ಟ್ರಾನ್‌ನ ತರಂಗಾಂತರ 2.5 ಪಿಕೋಮೀಟರ್, ಅಲ್ಯೂಮಿನಿಯಂನ 111 ತಲಗಳಿಗೆ ಬ್ರ್ಯಾಗ್ ಕೋನ ಕೇವಲ 0.31 ಡಿಗ್ರಿ. ಟೊಮೊಗ್ರಫಿಗೆ ಮಾದರಿಯನ್ನು ಪ್ರತಿ ಹೆಜ್ಜೆಗೆ ಎರಡು ಡಿಗ್ರಿಯಂತೆ ವಾಲಿಸುತ್ತಾ ಹೋದರೆ ಮೊದಲ ಹೆಜ್ಜೆಗೇ ಬ್ರ್ಯಾಗ್ ಸ್ಥಿತಿ ಕೈತಪ್ಪಿ ರೇಖೆ ಮಾಯವಾಗುತ್ತದೆ, ಅಥವಾ ಬೇರೆಯದೇ ರೂಪದಲ್ಲಿ ಕಾಣುತ್ತದೆ. ಪಾರಾಗಲು ಇರುವ ದಾರಿ ಒಂದೇ. ಚಿತ್ರ ತೆಗೆಯಲು ಆರಿಸಿಕೊಂಡ ತಲಗಳ ಲಂಬ, ಅಂದರೆ ವಿವರ್ತನೆಯ ಸದಿಶ ಜಿ, ವಾಲಿಸುವ ಅಕ್ಷದ ಉದ್ದಕ್ಕೇ ಕೂರಬೇಕು. ಆಗ ಅಕ್ಷದ ಸುತ್ತ ಎಷ್ಟು ತಿರುಗಿಸಿದರೂ ಆ ತಲಗಳಿಗೂ ಕಿರಣಕ್ಕೂ ನಡುವಿನ ಕೋನ ಬದಲಾಗುವುದಿಲ್ಲ. ಕೂರಿಸುವುದರಲ್ಲಿ ಒಂದು ಡಿಗ್ರಿ ತಪ್ಪಿದರೆ, 60 ಡಿಗ್ರಿ ವಾಲಿಸುವ ಹೊತ್ತಿಗೆ 0.87 ಡಿಗ್ರಿ ವ್ಯತ್ಯಾಸ ಬಂದಿರುತ್ತದೆ. ಅದು ಬ್ರ್ಯಾಗ್ ಕೋನದ ಎರಡೂವರೆ ಪಟ್ಟಿಗೂ ಹೆಚ್ಚು. ಮೂರು ಮಿಲಿಮೀಟರ್ ಬಿಲ್ಲೆಯನ್ನು ಹೋಲ್ಡರ್‌ನಲ್ಲಿ ತಿರುಗಿಸಿ ಕೂರಿಸುವುದು, ಪ್ರತಿ ಹೆಜ್ಜೆಯಲ್ಲೂ ಸ್ಫಟಿಕದ ದಿಕ್ಕನ್ನು ತೋರುವ ಕಿಕುಚಿ ಪಟ್ಟೆಗಳನ್ನು ನೋಡಿಕೊಂಡು ಎರಡನೇ ಅಕ್ಷದಲ್ಲಿ ಅಷ್ಟಿಷ್ಟು ಸರಿಪಡಿಸುವುದು, ಮತ್ತೆ ಅದೇ ಜಾಗವನ್ನು ಹುಡುಕಿ ಫೋಕಸ್ ಮಾಡುವುದು: ಪ್ರಕಟವಾದ ಚಿತ್ರದ ಹಿಂದಿರುವ ನಿಜವಾದ ಪ್ರಯೋಗ ಇದು. ಲೇಖನಗಳಲ್ಲಿ ಇದಕ್ಕೆ ಸಿಗುವ ಜಾಗ ಒಂದೆರಡು ಸಾಲು ಮಾತ್ರ.

2006ರಲ್ಲಿ ಕೇಂಬ್ರಿಜ್‌ನ ಬರ್ನಾರ್ಡ್, ಶಾರ್ಪ್, ಟಾಂಗ್ ಮತ್ತು ಮಿಡ್ಗ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ಈ ಷರತ್ತನ್ನು ಎದುರಿಗಿಟ್ಟುಕೊಂಡೇ ಮಾಡಿದ್ದು. ಅವರು ಆರಿಸಿದ ವಸ್ತು ಗ್ಯಾಲಿಯಂ ನೈಟ್ರೈಡ್, ನೀಲಿ ಎಲ್‌ಇಡಿಯ ವಸ್ತು. ಇದನ್ನು ಸಾಮಾನ್ಯವಾಗಿ ನೀಲಮಣಿಯ ಸ್ಫಟಿಕದ ಮೇಲೆ ಪದರವಾಗಿ ಬೆಳೆಸುತ್ತಾರೆ. ಎರಡರ ಜಾಲಕಗಳಿಗೂ ಸುಮಾರು ಶೇಕಡಾ 16ರಷ್ಟು ವ್ಯತ್ಯಾಸವಿರುವುದರಿಂದ ಪದರದಲ್ಲಿ ಕೆಳಗಿನಿಂದ ಮೇಲಕ್ಕೆ ಡಿಸ್‌ಲೊಕೇಶನ್‌ಗಳು ಹೆಣೆದುಕೊಳ್ಳುತ್ತವೆ, ಪ್ರತಿ ಚದರ ಸೆಂಟಿಮೀಟರಿಗೆ ಹತ್ತು ಕೋಟಿಯಿಂದ ಸಾವಿರ ಕೋಟಿಯವರೆಗೆ. ಚಿತ್ರ ತೆಗೆಯಲು ಬಳಸಿದ್ದು 1969ರಲ್ಲಿ ಕಾಕೇನ್, ರೇ ಮತ್ತು ವೀಲನ್ ರೂಪಿಸಿದ ದುರ್ಬಲ ಕಿರಣದ ವಿಧಾನ. ಸ್ಫಟಿಕವನ್ನು ಬ್ರ್ಯಾಗ್ ಸ್ಥಿತಿಯಿಂದ ಬೇಕೆಂದೇ ದೂರ ವಾಲಿಸಿ, ಸೊರಗಿದ ವಿವರ್ತಿತ ಕಿರಣದಿಂದ ಚಿತ್ರ ತೆಗೆದರೆ ರೇಖೆಯ ನಡುಭಾಗದ ಹತ್ತಿರ ತೀವ್ರವಾಗಿ ಬಾಗಿದ ತಲಗಳು ಮಾತ್ರ ಕಿರಣವನ್ನು ಬಲವಾಗಿ ವಿವರ್ತಿಸುತ್ತವೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆ. ಅಗಲ ಒಂದೂವರೆ ನ್ಯಾನೋಮೀಟರ್ ಆಸುಪಾಸು. ಸಾಮಾನ್ಯ ವಿಧಾನದಲ್ಲಿ ಅದೇ ಗೆರೆ ಹತ್ತು ನ್ಯಾನೋಮೀಟರಿಗೂ ಹೆಚ್ಚು ಅಗಲವಾಗಿರುತ್ತದೆ. ತೆಳು ಗೆರೆ, ಕಪ್ಪು ಹಿನ್ನೆಲೆ, ಸ್ಥಿರವಾದ ಜಿ ಸೇರಿದಾಗ ಷರತ್ತು ಸುಮಾರಾಗಿ ನೆರವೇರುತ್ತದೆ. ಜಾಲದ ರೇಖೆಗಳು ಪದರದೊಳಗೆ ಎಲ್ಲಿ ತಿರುಗುತ್ತವೆ, ಎಲ್ಲಿ ಕೂಡುತ್ತವೆ ಎಂಬುದು ಇದರಿಂದ ಕಣ್ಣಿಗೆ ಸಿಕ್ಕಿತು. ಈ ಕ್ಷೇತ್ರದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಆರಂಭ ನನಗೆ ಕಾಣುವುದಿಲ್ಲ.

‘ಸುಮಾರಾಗಿ’ ಎಂದೆ. ದುರ್ಬಲ ಕಿರಣದ ಗೆರೆ ಡಿಸ್‌ಲೊಕೇಶನ್‌ನ ನಿಜವಾದ ನಡುವಿನಿಂದ ಒಂದೆರಡು ನ್ಯಾನೋಮೀಟರ್ ಪಕ್ಕಕ್ಕಿರುತ್ತದೆ. ಅದಕ್ಕಿಂತ ದೊಡ್ಡ ಸಂಗತಿ ಕಾಣದೇ ಉಳಿಯುವ ರೇಖೆಗಳದ್ದು. ಜಿ ಸದಿಶವೂ ಬರ್ಗರ್ಸ್ ಸದಿಶವೂ ಪರಸ್ಪರ ಲಂಬವಾಗಿದ್ದರೆ ಆ ರೇಖೆ ಚಿತ್ರದಲ್ಲಿ ಕಾಣುವುದಿಲ್ಲ, ಅಥವಾ ತೀರ ಮಸುಕಾಗುತ್ತದೆ. ಚಪ್ಪಟೆ ಚಿತ್ರಗಳ ಕಾಲದಲ್ಲಿ ಇದೇ ನಿಯಮ ವರವಾಗಿತ್ತು: ಬೇರೆಬೇರೆ ಜಿ ಬಳಸಿ, ಯಾವುದರಲ್ಲಿ ರೇಖೆ ಮಾಯವಾಯಿತು ಎಂದು ನೋಡಿ ಬರ್ಗರ್ಸ್ ಸದಿಶವನ್ನು ಪತ್ತೆ ಮಾಡುತ್ತಿದ್ದರು. ಟೊಮೊಗ್ರಫಿಯಲ್ಲಾದರೋ ಒಂದು ಸರಣಿಗೆ ಒಂದೇ ಜಿ. ತಾಮ್ರ, ಅಲ್ಯೂಮಿನಿಯಂಗಳಂಥ ಲೋಹಗಳಲ್ಲಿ ಆರು ಬಗೆಯ ಬರ್ಗರ್ಸ್ ಸದಿಶಗಳಿವೆ. 111 ಬಗೆಯ ಜಿ ಆರಿಸಿದರೆ ಆರರಲ್ಲಿ ಮೂರು ಮರೆಯಾಗುತ್ತವೆ. 200 ಆರಿಸಿದರೆ ಎರಡು. 220 ಆರಿಸಿದರೆ ಒಂದು. ಅಂದರೆ 111ರಲ್ಲಿ ತೆಗೆದ ಒಂದೇ ಸರಣಿಯಿಂದ ಕಟ್ಟಿದ ಸುಂದರವಾದ ಜಾಲದಲ್ಲಿ ಅರ್ಧದಷ್ಟು ಬಗೆಗಳು ಇಲ್ಲದೇ ಇರಬಹುದು. ಗ್ಯಾಲಿಯಂ ನೈಟ್ರೈಡ್ ಪದರದ ತಲದೊಳಗಿನ ಜಿ ಬಳಸಿದರೆ, ಬೆಳವಣಿಗೆಯ ಅಕ್ಷದ ಉದ್ದಕ್ಕೆ ಬರ್ಗರ್ಸ್ ಸದಿಶವಿರುವ ಶುದ್ಧ ಸ್ಕ್ರೂ ರೇಖೆಗಳು ಹೀಗೆಯೇ ಮರೆಯಾಗುತ್ತವೆ.

ಇದಕ್ಕೊಂದು ಒಳಗಿನ ಪರೀಕ್ಷೆ ಇದೆ, ಅದನ್ನು ಇನ್ನೂ ಹೆಚ್ಚಾಗಿ ಬಳಸಬೇಕು ಎಂಬುದು ನನ್ನ ಅಭಿಪ್ರಾಯ. ಡಿಸ್‌ಲೊಕೇಶನ್ ಸ್ಫಟಿಕದ ಒಳಗೆ ಎಲ್ಲೆಂದರಲ್ಲಿ ಕೊನೆಯಾಗಲಾರದು. ಮೇಲ್ಮೈಯನ್ನೋ, ಹರಳಿನ ಗಡಿಯನ್ನೋ ಮುಟ್ಟಬೇಕು, ತನ್ನಲ್ಲೇ ಸುತ್ತಿ ಕುಣಿಕೆಯಾಗಬೇಕು, ಇಲ್ಲವೇ ಇತರ ರೇಖೆಗಳೊಡನೆ ಗಂಟಿನಲ್ಲಿ ಕೂಡಬೇಕು. ಗಂಟಿನಲ್ಲಿ ಕೂಡಿದವುಗಳ ಬರ್ಗರ್ಸ್ ಸದಿಶಗಳ ಮೊತ್ತ ಸೊನ್ನೆಯಾಗಬೇಕು. ಮೂರು ಆಯಾಮದ ಚಿತ್ರದಲ್ಲಿ ಒಂದು ರೇಖೆ ಹಾಳೆಯ ಮಧ್ಯದ ಆಳದಲ್ಲಿ ಥಟ್ಟನೆ ನಿಂತುಹೋಗಿದ್ದರೆ, ಒಂದೋ ಅಲ್ಲಿ ಕಾಣದ ರೇಖೆಯೊಂದು ಸೇರಿಕೊಂಡಿದೆ, ಅಥವಾ ಲೆಕ್ಕ ತಪ್ಪಿದೆ. ಚಪ್ಪಟೆ ಚಿತ್ರದಲ್ಲಿ ಈ ಪ್ರಶ್ನೆಯನ್ನು ಕೇಳಲೂ ಆಗುತ್ತಿರಲಿಲ್ಲ.

ವಾಲಿಸುವ ಮಿತಿಯದು ಇನ್ನೊಂದು ತೊಡಕು. ತೆಳು ಹಾಳೆಯನ್ನು 70 ಡಿಗ್ರಿ ವಾಲಿಸಿದರೆ ಕಿರಣ ಹಾದುಹೋಗಬೇಕಾದ ದಪ್ಪ ಸುಮಾರು ಮೂರು ಪಟ್ಟಾಗುತ್ತದೆ, ಹೋಲ್ಡರ್ ಕೂಡ ಅಡ್ಡ ಬರುತ್ತದೆ. ಉಳಿದ ಕೋನಗಳ ಮಾಹಿತಿ ಸಿಗುವುದೇ ಇಲ್ಲ. ಪರಿಣಾಮವಾಗಿ ಕಟ್ಟಿದ ಚಿತ್ರ ಆಳದ ದಿಕ್ಕಿಗೆ ಹಿಗ್ಗುತ್ತದೆ: ಎರಡೂ ಕಡೆಗೆ 70 ಡಿಗ್ರಿವರೆಗೆ ವಾಲಿಸಿದಾಗ 1.3 ಪಟ್ಟು, 60ಕ್ಕೇ ನಿಲ್ಲಿಸಿದಾಗ 1.55 ಪಟ್ಟು. ಚಿತ್ರಗಳ ಸಂಖ್ಯೆಯೂ ಮುಖ್ಯ. ಕ್ರೌಥರ್, ಡಿರೋಸಿಯರ್, ಕ್ಲುಗ್ 1970ರಲ್ಲಿ ಕೊಟ್ಟ ಸೂತ್ರದಂತೆ 100 ನ್ಯಾನೋಮೀಟರ್ ವ್ಯಾಸದ ವಸ್ತುವಿಗೆ 71 ಚಿತ್ರಗಳಿದ್ದರೆ ಸ್ಪಷ್ಟತೆ ಸುಮಾರು 4.4 ನ್ಯಾನೋಮೀಟರ್. ಹಾಳೆಯಲ್ಲಿರುವುದು ರೇಖೆಗಳೇ ಎಂದು ಮೊದಲೇ ಗೊತ್ತಿರುವುದರಿಂದ ಇದಕ್ಕಿಂತ ಕಡಿಮೆ ಚಿತ್ರಗಳಲ್ಲಿ ಕೆಲಸ ಸಾಗಿಸುವವರಿದ್ದಾರೆ. ಲೊಸಾನ್‌ನ ಗುಂಪೊಂದು 2017ರಲ್ಲಿ ಮಾದರಿಯನ್ನು ವಾಲಿಸದೆಯೇ, ಒಮ್ಮುಖವಾಗುವ ಕಿರಣದ ಬೇರೆಬೇರೆ ಪಾಲುಗಳಿಂದ ಜೋಡಿ ಚಿತ್ರ ತೆಗೆದು ರೇಖೆಗಳ ಆಳವನ್ನು ಅಳೆಯಿತು. ಇಂಥ ಕಡೆ ಕಟ್ಟಿದ ಚಿತ್ರದ ಒಂದು ಭಾಗ ಅಳತೆ, ಇನ್ನೊಂದು ಭಾಗ ಮೊದಲೇ ಇದ್ದ ತಿಳಿವಳಿಕೆ. ಅದು ತಪ್ಪಲ್ಲ, ಆದರೆ ಯಾವುದು ಯಾವುದು ಎಂದು ಬರೆದಿರಬೇಕು.

ವಿಧಾನದ ಉಪಯೋಗಕ್ಕೆ ಒಂದು ಉದಾಹರಣೆ ಸಾಕು. 2011ರಲ್ಲಿ ಇಲಿನಾಯ್‌ನ ಲಿಯು ಮತ್ತು ರಾಬರ್ಟ್‌ಸನ್ ಅಲ್ಯೂಮಿನಿಯಂ, ಮೆಗ್ನೀಷಿಯಂ, ಸ್ಕ್ಯಾಂಡಿಯಂ ಮಿಶ್ರಲೋಹದಲ್ಲಿ ಡಿಸ್‌ಲೊಕೇಶನ್‌ಗಳು ಗಟ್ಟಿ ಕಣಗಳನ್ನು ಎದುರಿಸುವುದನ್ನು ದುರ್ಬಲ ಕಿರಣದ ಟೊಮೊಗ್ರಫಿಯಿಂದ ತೋರಿಸಿದರು. ರೇಖೆ ಕಣವನ್ನು ಬಳಸಿ ಹೋಗಿದೆಯೋ, ಅದನ್ನು ಮುಟ್ಟದೆ ಮೇಲಿನಿಂದ ಹಾದಿದೆಯೋ ಎಂಬ ಪ್ರಶ್ನೆಗೆ ಚಪ್ಪಟೆ ಚಿತ್ರದಲ್ಲಿ ಉತ್ತರವಿಲ್ಲ. ಮಿಶ್ರಲೋಹದ ಬಲದ ಲೆಕ್ಕ ನಿಂತಿರುವುದು ಅದೇ ಉತ್ತರದ ಮೇಲೆ.

ಪರಮಾಣು ಮಟ್ಟದ ಕೆಲಸ ಬೇರೆ ದಾರಿ ಹಿಡಿದಿದೆ. ಸ್ಕ್ಯಾನಿಂಗ್ ವಿಧಾನದಲ್ಲಿ, ದೊಡ್ಡ ಕೋನಕ್ಕೆ ಚದುರಿದ ಎಲೆಕ್ಟ್ರಾನ್‌ಗಳನ್ನು ಉಂಗುರದ ಆಕಾರದ ಡಿಟೆಕ್ಟರ್‌ನಲ್ಲಿ ಹಿಡಿದರೆ ವಿವರ್ತನೆಯ ಏರಿಳಿತ ಬಹಳ ತಗ್ಗುತ್ತದೆ, ಹೊಳಪು ಪರಮಾಣುಗಳ ಮೊತ್ತವನ್ನು ಹೆಚ್ಚು ನೇರವಾಗಿ ಹೇಳುತ್ತದೆ. ಲಾಸ್ ಏಂಜಲಿಸ್‌ನ ಜಿಯಾನ್‌ವೇ ಮಿಯಾವ್ ಗುಂಪು 2012ರಲ್ಲಿ ಚಿನ್ನದ ನ್ಯಾನೋಕಣವನ್ನು 2.4 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಕಟ್ಟಿತು. ಮರುವರ್ಷ ‘ನೇಚರ್’ ಪತ್ರಿಕೆಯಲ್ಲಿ ಪ್ಲಾಟಿನಂ ಕಣದೊಳಗಿನ ಎಡ್ಜ್ ಮತ್ತು ಸ್ಕ್ರೂ ಡಿಸ್‌ಲೊಕೇಶನ್‌ಗಳ ನಡುಭಾಗವನ್ನು ತೋರಿಸಿತು. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಪೀಟರ್ ರೆಜ್ ಮತ್ತು ಮೈಕಲ್ ಟ್ರೇಸಿ ಆಕ್ಷೇಪ ಎತ್ತಿದರು, ಮೂಲ ಲೇಖಕರು ಉತ್ತರಿಸಿದರು. ಈ ವಾದವನ್ನು ವಿದ್ಯಾರ್ಥಿಗಳು ಮೂಲದಲ್ಲೇ ಓದುವುದು ಒಳ್ಳೆಯದು. ಆ ಪ್ಲಾಟಿನಂ ಚಿತ್ರ ಫೂರಿಯೇ ಫಿಲ್ಟರ್ ಬಳಸಿ ಪಡೆದದ್ದು. ನನ್ನ ಮಟ್ಟಿಗೆ ಹೇಳುವುದಾದರೆ, ಫೂರಿಯೇ ಅವಕಾಶದಲ್ಲಿ ಬ್ರ್ಯಾಗ್ ಬಿಂದುಗಳ ಸುತ್ತಲಿನ ಮಾಹಿತಿಯನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ತೆಗೆದುಹಾಕುವ ಯಾವ ಫಿಲ್ಟರ್ ಆದರೂ ಚಿತ್ರವನ್ನು ಸ್ಫಟಿಕದ ಕ್ರಮದ ಕಡೆಗೆ ದಬ್ಬುತ್ತದೆ. ದೋಷ ಎಂದರೆ ಕ್ರಮ ಮುರಿದ ಜಾಗ. ದೋಷವನ್ನು ಹುಡುಕುವವರು ಕ್ರಮವನ್ನು ಹೇರುವ ಸಾಧನ ಬಳಸುವಾಗ, ಫಿಲ್ಟರ್ ಇಲ್ಲದ ಚಿತ್ರವನ್ನೂ ಪಕ್ಕದಲ್ಲಿ ಇಡುವುದು ಕನಿಷ್ಠ ಕರ್ತವ್ಯ.

ಆ ಗುಂಪಿನ ನಂತರದ ಕೆಲಸ ಹೆಚ್ಚು ಗಟ್ಟಿಯಾಗಿದೆ. 2015ರಲ್ಲಿ ಟಂಗ್‌ಸ್ಟನ್ ಸೂಜಿಯ ತುದಿಯಲ್ಲಿ 3,769 ಪರಮಾಣುಗಳ ಸ್ಥಾನಗಳನ್ನು ಒಂದೊಂದಾಗಿ, ಸುಮಾರು 19 ಪಿಕೋಮೀಟರ್ ನಿಖರತೆಯಲ್ಲಿ ಗುರುತಿಸಿದರು. ಒಳಗಿದ್ದ ಒಂದು ಬಿಂದು ದೋಷವೂ ಸಿಕ್ಕಿತು. 2017ರಲ್ಲಿ ಕಬ್ಬಿಣ-ಪ್ಲಾಟಿನಂ ಕಣವೊಂದರಲ್ಲಿ 6,569 ಕಬ್ಬಿಣ ಮತ್ತು 16,627 ಪ್ಲಾಟಿನಂ ಪರಮಾಣುಗಳನ್ನು 22 ಪಿಕೋಮೀಟರ್ ನಿಖರತೆಯಲ್ಲಿ ಗುರುತಿಸಿ, ಹರಳಿನ ಗಡಿಗಳನ್ನೂ ಒಂದರ ಜಾಗದಲ್ಲಿ ಇನ್ನೊಂದು ಕೂತ ದೋಷಗಳನ್ನೂ ಪಟ್ಟಿ ಮಾಡಿದರು. ಸೂಜಿಯ ಆಕಾರದ ಮಾದರಿಯನ್ನು ಪೂರ್ತಿ ಸುತ್ತು ತಿರುಗಿಸಬಹುದಾದ್ದರಿಂದ ಕೋನಗಳ ಕೊರತೆ ಅಲ್ಲಿ ಕಾಡುವುದಿಲ್ಲ. ಆದರೆ ಇವೆಲ್ಲ ಕೆಲವೇ ನ್ಯಾನೋಮೀಟರ್ ಗಾತ್ರದ ವಸ್ತುಗಳು. ಬಡಿದ ತಾಮ್ರದ ಜಾಲಕ್ಕೆ ಈ ವಿಧಾನವನ್ನು ಒಯ್ಯಲಾಗದು.

ಒಂದೇ ಕೋನದಿಂದ ಆಳವನ್ನು ಪಡೆಯುವ ಟೈಕೊಗ್ರಫಿಯ ಬಗ್ಗೆಯೂ ಒಂದು ಮಾತು. 2021ರಲ್ಲಿ ಕಾರ್ನೆಲ್‌ನ ಡೇವಿಡ್ ಮುಲ್ಲರ್ ಅವರ ಗುಂಪು ಪ್ರೇಸಿಯೋಡಿಮಿಯಂ ಸ್ಕ್ಯಾಂಡೇಟ್ ಸ್ಫಟಿಕದಲ್ಲಿ ಉಪಕರಣದ ಮಸುಕನ್ನು 20 ಪಿಕೋಮೀಟರಿಗಿಂತ ಕೆಳಗೆ ಇಳಿಸಿತು. ಉಳಿದ ಮಸುಕು ಪರಮಾಣುಗಳ ಸ್ವಂತ ಕಂಪನದ್ದು. ಎಲೆಕ್ಟ್ರಾನ್ ಸ್ಫಟಿಕದೊಳಗೆ ಹಲವು ಬಾರಿ ಚದುರುವುದನ್ನು ಈ ವಿಧಾನ ಲೆಕ್ಕದಿಂದ ತೆಗೆದುಹಾಕುವುದಿಲ್ಲ, ಲೆಕ್ಕದ ಒಳಕ್ಕೇ ತರುತ್ತದೆ. ಆಳದ ಸ್ಪಷ್ಟತೆ ಇನ್ನೂ ಕೆಲವು ನ್ಯಾನೋಮೀಟರ್ ಮಟ್ಟದ್ದು. ಆದರೂ ಷರತ್ತನ್ನು ಸುಮಾರಾಗಿ ನೆರವೇರಿಸುವ ಬದಲು ಷರತ್ತೇ ಬೇಡವೆನ್ನುವ ದಾರಿ ಇದಾದ್ದರಿಂದ, ದೋಷಗಳ ಅಧ್ಯಯನದ ಮುಂದಿನ ಹೆಜ್ಜೆ ಇಲ್ಲಿಯೇ ಎಂದು ನಾನು ನಂಬುತ್ತೇನೆ.

ಈ ಕ್ಷೇತ್ರದಲ್ಲಿ ಕೆಲಸ ಮಾಡುವ, ಲೇಖನ ಬರೆಯುವ ಯುವ ಸಂಶೋಧಕರಲ್ಲಿ ಒಂದು ಕೋರಿಕೆ. ಕಟ್ಟಿದ ಚಿತ್ರದ ಜೊತೆಗೆ ವಾಲಿಸಿದ ಸರಣಿಯ ಎಲ್ಲ ಮೂಲ ಚಿತ್ರಗಳನ್ನೂ ಕೊಡಿ. ಯಾವ ಜಿ ಬಳಸಿದಿರಿ, ಎಷ್ಟು ಡಿಗ್ರಿಯಿಂದ ಎಷ್ಟು ಡಿಗ್ರಿಯವರೆಗೆ ವಾಲಿಸಿದಿರಿ, ಆ ಜಿಯಲ್ಲಿ ಯಾವ ಬಗೆಯ ರೇಖೆಗಳು ಕಾಣಲಾರವು ಎಂಬುದನ್ನು ಚಿತ್ರದ ಕೆಳಗಿನ ವಿವರಣೆಯಲ್ಲೇ ಬರೆಯಿರಿ. ಲೋಹದ ಬಲದ ಬಗ್ಗೆ ಆ ಚಿತ್ರದಿಂದ ತೀರ್ಮಾನಕ್ಕೆ ಬರಲು ಮುಂದೆ ಓದುವವರಿಗೆ ಆ ವಿವರಗಳು ಬೇಕೇ ಬೇಕು.